ಹಲ್ಲುಗುರುತು

ಮಂಗಳವಾರ, ಅಂಗಡಿ ಮುಚ್ಚುವ ಹೊತ್ತಿಗೆ
ಆರ್ಫಾ ಸ್ಟಿಲ್ಟ್ನರ್ ಬಂದಳು.
ದಿಂಬಿನ ಚೀಲದಲ್ಲಿ ಸುತ್ತಿ ಅವುಚಿಕೊಂಡದ್ದು
ಗಿಟಾರೋ ಹಸುಗೂಸೋ, ಮೊದಲು ತಿಳಿಯಲಿಲ್ಲ.
'ಇದರ ದನಿ ಏರಿಸಿಕೊಡಿ' ಎಂದಳು.
'ಶನಿವಾರ ಕುಣಿತದ ಹಾಲಿನಲ್ಲಿ ನುಡಿಸಬೇಕು,
ಎರಡು ಬ್ಯಾಂಜೊ, ಒಂದು ಫಿಡಲಿನ ಎದುರು.
ಉಕ್ಕಿನ ತಂತಿ ಹಾಕಿ.'

ಹೊರಗೆ ಕಲ್ಲಿದ್ದಲಿನ ರೈಲು.
ಅದು ದಾಟುವ ತನಕ ಪಶ್ಚಿಮ ವರ್ಜೀನಿಯಾದ ಈ ಕಣಿವೆಯಲ್ಲಿ
ಯಾರೂ ಯಾರಿಗೂ ಉತ್ತರ ಕೊಡುವುದಿಲ್ಲ.

ಬೆಂಚಿನ ಮೇಲೆ ಮಲಗಿಸಿದೆ.
ಹೆಗಲು ಒಂದು ಗೇಣು. ಸೊಂಟ ಅದಕ್ಕೂ ಕಮ್ಮಿ.
ಕೆಳಗೆ, ಗೇಣಿನ ಮೇಲೆ ನಾಲ್ಕು ಬೆರಳು.
ಬೆನ್ನಿಗೆ ಬ್ರೆಜಿಲ್ಲಿನ ಬೀಟೆ, ಎದೆಗೆ ಸ್ಪ್ರೂಸು,
ಬೆಳಕು ಕುಡಿದು ಕುಡಿದು ಬೆಲ್ಲದ ಬಣ್ಣ.

ಗಿರಾಕಿಗೆ ಪಾಠ ಹೇಳುವವನಲ್ಲ ನಾನು. ಆವತ್ತು ಹೇಳಿದೆ.

ಆ ಕಾಲಕ್ಕೆ ತಂತಿ ಎಂದರೆ ಕುರಿಯ ಕರುಳು, ಆರ್ಫಾ.
ಕರುಳು ಎಳೆಯುತ್ತದೆ, ಕೀಳುವುದಿಲ್ಲ.
ಅದಕ್ಕೇ ಹಲಗೆಯನ್ನು ಹಪ್ಪಳದಷ್ಟು ತೆಳ್ಳಗೆ ಹೆರೆದರು,
ಒಳಗೆ ಏಣಿಮೆಟ್ಟಿಲಂತೆ ಮೂರೇ ಅಡ್ಡಪಟ್ಟಿ.
ಒಂದು ದೀಪ, ಒಂದು ಕೋಣೆ, ಕೇಳುವವರು ಇಬ್ಬರು.

ಆಮೇಲೆ ಕುಣಿತಕ್ಕೆ ಜನ ಸೇರಿದರು. ಬೂಟು ಸೇರಿದವು.
ಬ್ಯಾಂಜೊ, ತಗಡಿನ ಮೇಲೆ ಆಲಿಕಲ್ಲು.
ಗಿಟಾರು ತುಟಿ ಅಲ್ಲಾಡಿಸುತ್ತಿತ್ತು, ಅಷ್ಟೆ.
ಕಂಚಿನ ಕಂಠ ಬೇಕು ಎಂದರು;
ಕಂಚನ್ನೇ ಉಕ್ಕಿನ ಎಳೆಗೆ ಸುತ್ತಿ ಬಿಗಿದರು.
ಎಷ್ಟೋ ಎದೆ ಬಿರಿದವು, ಸೇತುವೆ ಕಿತ್ತು ಬಂದವು.
ಕರುಳಿನ ಕಾಲದ್ದೇ ಒಂದು ಉಪಾಯ,
ಗುಣಾಕಾರದ ಗುರುತಿನಂತೆ ಒಳಗೆ ಕೂರಿಸುವ ಪಟ್ಟಿ,
ಈಗ ನಿಜವಾಗಿ ಕೆಲಸಕ್ಕೆ ಬಂತು.
ಹೆಗಲು ಅಗಲಿಸಿದರು, ಸೊಂಟ ತುಂಬಿದರು,
ಕೊನೆಗೊಂದಕ್ಕೆ ಯುದ್ಧನೌಕೆಯ ಹೆಸರನ್ನೇ ಇಟ್ಟರು.
ಅಗೋ, ಗೋಡೆಯ ಮೇಲಿದೆ,
ಮೂಟೆ ಹೊರುವವನ ಮೈಕಟ್ಟು.
ಮೀಟಿದರೆ ನಿನ್ನ ಪಕ್ಕೆಲುಬಲ್ಲಿ ಗುಂಯ್‌ಗುಡುತ್ತದೆ.
ನಾನೂ ಅಂಥವನ್ನೇ ಮಾರಿ ಉಣ್ಣುವವನು.
ಹೊಟ್ಟೆ ಹಿಗ್ಗಿದಷ್ಟೂ ಹಾಡು. ಹೊಟ್ಟೆಪಾಡು.

ಅವಳು ಗಡಿಯಾರ ನೋಡಿದಳು.

ಹಲ್ಲಿನ ಡಾಕ್ಟರು ಎಸೆದ ಕನ್ನಡಿಯನ್ನು ಒಳಗಿಳಿಸಿದೆ.
ಸೀಳಿಗೆ ಯಾರೋ ಹಿಟ್ಟಿನ ಚೀಲದ ತುಂಡು ಅಂಟಿಸಿದ್ದರು,
ಅದರ ಮೇಲೆ ಅರ್ಧ ಕೋಳಿ.
ಹೆಸರಿಲ್ಲ, ಇಸವಿಯಿಲ್ಲ.
ಅಂಚು ತಡವುತ್ತ ಬಂದ ಬೆರಳು
ಮೇಲಿನ ಬದಿಯಲ್ಲಿ, ಮೊಣಕೈ ಊರುವ ಜಾಗದ ಹತ್ತಿರ ನಿಂತಿತು.
ಸಣ್ಣ ಗುಳಿ. ಎರಡು. ಪಕ್ಕದಲ್ಲಿ ಎರಡು. ಮತ್ತೆ ಎರಡು.
ಇಲಿಯಲ್ಲ; ಇಲಿ ಅಲ್ಲಿಗೇ ನಿಲ್ಲಿಸುವುದಿಲ್ಲ.
ಹಾಲುಹಲ್ಲು.

ಅವಳ ಬೆರಳು ಹಿಡಿದು ಅಲ್ಲಿಟ್ಟೆ.

'ಮುತ್ತಜ್ಜಿ ಜೆರೂಷಾಗೆ ಏಳು ಮಕ್ಕಳು' ಎಂದಳು, ತಡವಾಗಿ.
'ಮುತ್ತಜ್ಜನಿಗೆ ಗಣಿಯಲ್ಲಿ ರಾತ್ರಿಪಾಳಿ.
ಹಗಲೆಲ್ಲ ಮಲಗುತ್ತಿದ್ದನಂತೆ.
ಹಲಗೆಗೋಡೆಯ ಆ ಬದಿ ಅವನು, ಈ ಬದಿ ಇವರು.'

ಕಟ್ಟಿದವನಿಗೆ ಇದೇನೂ ಗೊತ್ತಿರಲಿಲ್ಲ.
ಅವನು ಆ ಕಾಲದ ಅಚ್ಚಿಗೆ ಮರ ಬಗ್ಗಿಸಿದ, ಕೂಲಿ ಎಣಿಸಿಕೊಂಡ.
ಆದರೂ, ಗೋಡೆ ಮುಟ್ಟಿ ಹಿಂದಿರುಗುವಷ್ಟೇ ದನಿ,
ಹಲ್ಲು ಬರುತ್ತಿರುವ ಮಗುವಿಗೆ ಸಾಕಾಗುವಷ್ಟು,
ದಣಿದವನ ನಿದ್ದೆ ಕೆಡದಷ್ಟು.
ಆ ಮನೆಗೆ ಬೇಕಾದದ್ದು ಅಷ್ಟೇ ಇದ್ದೀತು.

ಉಕ್ಕು ಹಾಕಲಿಲ್ಲ.
ಸಡಿಲವಾದ ಪಟ್ಟಿಗೆ ಬಿಸಿ ಸರೇಸು, ಮೇಲೆ ನೈಲಾನು.
ಕೋಳಿಯನ್ನು ಮುಟ್ಟಲಿಲ್ಲ. ಗುಳಿಗಳನ್ನೂ.

ಶನಿವಾರಕ್ಕೆ ಗೋಡೆಯ ಮೇಲಿನ ಯುದ್ಧನೌಕೆ ಒಯ್ದಳು,
ಬಾಡಿಗೆ ಇಪ್ಪತ್ತು ಡಾಲರು, ಇನ್ನೂ ಕೊಟ್ಟಿಲ್ಲ.
ಚಿಕ್ಕದನ್ನು ದಿಂಬಿನ ಚೀಲಕ್ಕಿಳಿಸುವ ಮುಂಚೆ
ಗಲ್ಲ ಅದರ ಅಂಚಿಗೊತ್ತಿ ಒಂದೇ ಒಂದು ಸಲ ಮೀಟಿದಳು.
ತಿರುವಿನಾಚೆ ರೈಲು ಕೂಗುತ್ತಿತ್ತು.
ಅದು ಬರುವಷ್ಟರಲ್ಲಿ
ಕೇಳಿಯಾಗಿತ್ತು.